ನನ್ನ ಓಟು ಕೇಳದೆ ಹೋದವರು

ನಾನು ಹಳೇ ಕಾಲದ ಮನುಷ್ಯ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸಂಕೋಚವಿರುವುದು ನನ್ನ ಹೆಂಡತಿ ಶೈಲಾಗೆ. ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿರುವ ಅವಳು, ಬದಲಾವಣೆ ಎಂದರೆ ಜ್ವರ ಬರುವ ಗಂಡನನ್ನು ಯಾವ ವಿಭಾಗಕ್ಕೆ ತೋರಿಸಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ತುಮಕೂರಿನಿಂದ ತಂದ ಹಿತ್ತಾಳೆ ಫಿಲ್ಟರಿನಲ್ಲಿಯೇ ನನಗೆ ಕಾಫಿಯಾಗಬೇಕು. ಊಟದ ಹೊತ್ತಿನಲ್ಲಿ ಯಾರೂ ಫೋನು ಮುಟ್ಟಬಾರದು. ನಮ್ಮ ಕ್ಲಾಂಡಾಲ್ಕಿನ್ ಬಡಾವಣೆಯ ಸೂಪರ್‌ಮಾರ್ಕೆಟ್ಟಿನವರು ಹಾಲಿಡುವ ಜಾಗವನ್ನು ಒಮ್ಮೆ ಬದಲಾಯಿಸಿದಾಗ ನಾನು ಹಳೆಯ ಜಾಗದಲ್ಲಿ ಬಿಸ್ಕತ್ತುಗಳನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ಇದ್ದದ್ದು ಇದ್ದ ಹಾಗೇ ಇರಲಿ, ಯಾರೂ ಅಲ್ಲಾಡಿಸಬೇಡಿ ಎನ್ನುವುದೇ ನನ್ನ ಸಮಗ್ರ ರಾಜಕೀಯ ಸಿದ್ಧಾಂತ.

ಇಂಥ ನಾನು ಈ ದೇಶದ ಪೌರನಾಗಿ, ಇಲ್ಲಿನ ರಾಷ್ಟ್ರಪತಿ ಚುನಾವಣೆಯಲ್ಲಿ ಮೊದಲ ಸಲ ಓಟು ಹಾಕುವ ಕಾಲ ಬಂತು. ಹಳೆಯ ಪಾಸ್‌ಪೋರ್ಟು ಬಿಟ್ಟುಕೊಟ್ಟ ದಿನ ನಾನು ಸ್ವಲ್ಪ ಅತ್ತಿದ್ದೆ. ಶೈಲಾ ಅದನ್ನು ನೆಗಡಿ ಎಂದು ಎಲ್ಲರಿಗೂ ಹೇಳಿ ನನ್ನ ಮಾನ ಕಾಪಾಡಿದಳು. ಅಷ್ಟು ಕಷ್ಟಪಟ್ಟು ಪಡೆದ ಓಟನ್ನು ಹಾಳುಮಾಡಬಾರದೆಂದು, ನಾನು ಲೆಕ್ಕ ಬರೆಯುವ ಕಂಪನಿಯ ಸಹೋದ್ಯೋಗಿಯೊಬ್ಬನನ್ನು ಕೇಳಿದೆ, ಈ ರಾಷ್ಟ್ರಪತಿಗಳು ಏನು ಮಾಡುತ್ತಾರೆ ಎಂದು. ಅವನು ಯೋಚಿಸಿ, "ಹೆಚ್ಚೇನೂ ಮಾಡಲ್ಲ, ಆದ್ರೆ ಅದನ್ನ ಚೆನ್ನಾಗಿ ಮಾಡ್ಬೇಕು" ಎಂದ. ನನಗೆ ರೋಮಾಂಚನವಾಯಿತು. ಏನನ್ನೂ ಅಲ್ಲಾಡಿಸದೆ ಕೈಕುಲುಕುತ್ತಾ, ಪಂದ್ಯಕ್ಕೆ ಮುಂಚೆ ಆಟಗಾರರ ಬೆನ್ನು ತಟ್ಟುತ್ತಾ, ಏಳು ವರ್ಷ ಗಂಭೀರವಾಗಿ ಕೂರುವ ಹುದ್ದೆ! ನನ್ನ ಮನೆಯಲ್ಲಿ ನಾನು ಬಹಳ ಕಾಲದಿಂದ ಅದೇ ಹುದ್ದೆಯಲ್ಲಿದ್ದೇನೆ.

ಬೀದಿಯ ಲೈಟು ಕಂಬಗಳ ಮೇಲೆ ನಾಲ್ಕು ಮುಖಗಳು ಬಂದವು. ಹೆಸರು ಉಚ್ಚರಿಸಲು ಬಾರದ್ದರಿಂದ ನಮ್ಮ ಮನೆಯಲ್ಲಿ ಅವರಿಗೆ ನಾವೇ ನಾಮಕರಣ ಮಾಡಿದೆವು: ಟೈ ಸಾಹೇಬರು, ಸ್ಕಾರ್ಫ್ ಮೇಡಂ, ಸೈಕಲ್ಲಣ್ಣ, ಮತ್ತು ಯಾತಕ್ಕೆಂದು ತಿಳಿಯದ ಹಾಗೆ ನಗುತ್ತಿದ್ದ ನಗುಮೊಗದವರು. ಟೈ ಸಾಹೇಬರನ್ನು ಟಿವಿಯಲ್ಲಿ ಕಂಡ ಮೊದಲ ದಿನವೇ ನನಗೆ ಇವರೇ ನನ್ನವರು ಎನಿಸಿಬಿಟ್ಟಿತು. ಮಕ್ಕಳು ಹಿರಿಯರ ಮಾತು ಕೇಳಬೇಕು, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಊಟ ಮಾಡಬೇಕು, ದೇವರನ್ನು ಹೀಗಳೆಯಬಾರದು ಎಂದರು. ನಾನು ಸೋಫಾದಲ್ಲಿ ಕೂತು ಒಂದೊಂದಕ್ಕೂ ತಲೆದೂಗಿದೆ. ಕೊನೆಗೆ ಅವರು, "ನಮ್ಮ ಐರ್ಲೆಂಡ್ ಮೊದಲು ಹೇಗಿತ್ತೋ ಹಾಗೇ ಇರಬೇಕು" ಎಂದಾಗ ನನಗೆ ಚಪ್ಪಾಳೆ ತಟ್ಟುವಷ್ಟು ಆವೇಶ ಬಂತು.

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಸಿಂಚನಾ ತಲೆಯೆತ್ತಿದಳು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಅದೂ ಅಪ್ಪಟ ಡಬ್ಲಿನ್ ರಾಗದಲ್ಲಿ. ಅವಳು ಕೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟೇ: "ಮೊದಲು ಅಂದ್ರೆ ಯಾವಾಗ ಅಪ್ಪಾ? ನೀನು ಬರೋಕೆ ಮುಂಚೆನಾ?"

ನಾನು ಟಿವಿಯ ಸದ್ದು ಕಡಿಮೆ ಮಾಡಿದೆ. ಉತ್ತರ ಹೊಳೆದರೆ ಕೇಳಿಸಲಿ ಎಂದು. "ಓದ್ಕೋ, ಪರೀಕ್ಷೆ ಹತ್ರ ಬಂತು" ಎಂದೆ. ಪರೀಕ್ಷೆ ಇದ್ದದ್ದು ಮುಂದಿನ ಬೇಸಿಗೆಯಲ್ಲಿ. ಆ ಕ್ಷಣದಿಂದ ನನ್ನ ತಲೆಯಲ್ಲಿ ಒಂದು ಗೊಂದಲ ಹೊಕ್ಕು ಕೂತಿತು. ನಾನು ಒಪ್ಪುವ ಮಾತನ್ನೆಲ್ಲ ಆಡುವ ಈ ಮನುಷ್ಯ ನನ್ನನ್ನು ಒಪ್ಪುತ್ತಾನೋ ಇಲ್ಲವೋ?

ಇದಕ್ಕೆ ಉತ್ತರ ಮನೆಬಾಗಿಲಿಗೇ ಬರುತ್ತದೆ ಎಂದು ನಾನು ನಂಬಿದೆ. ಇಲ್ಲಿ ಅಭ್ಯರ್ಥಿಗಳ ಕಡೆಯವರು ಮನೆಮನೆಗೆ ಬಂದು ಬೆಲ್ ಒತ್ತಿ, ಒಂದು ಚೀಟಿ ಕೊಟ್ಟು, ಹೊಸಿಲಾಚೆಯೇ ಎರಡು ಮಾತಾಡಿ ಹೋಗುವುದು ಪದ್ಧತಿ. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದು ನಮ್ಮ ಪದ್ಧತಿಯಲ್ಲ. ಸ್ಕಾರ್ಫ್ ಮೇಡಂ ಕಡೆಯ ಹೆಂಗಸು ಬಂದಾಗ ನಾನು ಒಳಗೆ ಕರೆದೆ. ಶೂ ಬಿಚ್ಚಲು ಹೇಳಿದ್ದಕ್ಕೆ ಆಕೆ ಪೊಲೀಸರು ತಡೆದವರ ಹಾಗೆ ಗಾಬರಿಯಾದಳು. ಕೂರಿಸಿ, ಕಾಫಿ ಕೊಟ್ಟು, ಶೈಲಾ ಮಾಡಿದ ಚಕ್ಕುಲಿ ಕೊಟ್ಟೆ. ಹೊರಡುವಾಗ ಆಕೆ ನಮ್ಮ ಮೇಡಂಗೆ ಓಟು ಹಾಕುತ್ತೀರಾ ಎಂದಳು. ಕೂತು ಚಕ್ಕುಲಿ ತಿಂದವರ ಮುಖಕ್ಕೆ ಇಲ್ಲ ಎನ್ನಲು ಬರುತ್ತದೆಯೇ? "ನೋಡೋಣ" ಎನ್ನುವುದನ್ನು ಇಂಗ್ಲಿಷಿನಲ್ಲಿ ಆದಷ್ಟು ಅಕ್ಕರೆಯಿಂದ ಹೇಳಿದೆ. ನಮ್ಮಲ್ಲಿ ನೋಡೋಣ ಎಂದರೆ ಆಗಲ್ಲ ಎಂದು ಎಲ್ಲರಿಗೂ ಗೊತ್ತು. ಆಕೆ ಮಾತ್ರ ಅದನ್ನು ಹೌದೆಂದೇ ತಿಳಿದು "ಗ್ರ್ಯಾಂಡ್!" ಎಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. ನಗುಮೊಗದವರ ಕಡೆಯ ದಂಪತಿಗೂ ನೋಡೋಣ ಎಂದೆ. ನರಕ ಚತುರ್ದಶಿಯ ದಿನ ಬಂದ ಸೈಕಲ್ಲಣ್ಣನ ಕಡೆಯ ಗಡ್ಡದವರು, ಶೈಲಾ ಪೋರ್ಚಿನೊಳಗೆ ಹಾಕಿದ್ದ ರಂಗೋಲಿಯ ಕಮಲದ ಮೇಲೆಯೇ ನಿಂತು ಬೆಲ್ ಒತ್ತಿದರು. ಅವರ ಕಾಲ್ಚೀಲಕ್ಕೆ ಅಂಟಿದ ಗುಲಾಬಿ ಪುಡಿ ನಡುಮನೆಯ ತುಂಬ ಓಡಾಡಿತು. ಅವರಿಗೂ ನೋಡೋಣ ಎಂದೆ. "ನಿಮ್ಮನ್ನ ನೋಡಿದ್ರೆ ಇಡೀ ಡಬ್ಲಿನ್ನಿನ ಓಟು ನಿಮ್ಮ ಕಿಸೇಲಿದೆ ಅನ್ಸುತ್ತೆ" ಎಂದು ಶೈಲಾ ನೆಲ ಒರೆಸುತ್ತಾ ಹೇಳಿದಳು.

ನಾನು ಕಾಯುತ್ತಿದ್ದದ್ದು ಟೈ ಸಾಹೇಬರ ಕಡೆಯವರಿಗೆ. ದೀಪಾವಳಿಯ ಸಂಜೆ ಅವರು ಬಂದರು. ಕಿಟಕಿಯಿಂದ ನೋಡಿದೆ. ವಯಸ್ಸಾದ ಹೆಂಗಸೊಬ್ಬರು, ಅಚ್ಚುಕಟ್ಟಾದ ಕೋಟು, ಎದೆಯ ಮೇಲೆ ಟೈ ಸಾಹೇಬರ ಬಿಲ್ಲೆ. ಇಲ್ಲಿನವರು ದೆವ್ವದ ವೇಷ ಹಾಕುವ ಹ್ಯಾಲೋವೀನ್ ಹಬ್ಬ ಹತ್ತಿರವಾಗಿದ್ದರಿಂದ ನಮ್ಮ ರಸ್ತೆಯ ಬಾಗಿಲುಗಳ ಮೇಲೆಲ್ಲ ಅಸ್ಥಿಪಂಜರ, ಜೇಡರ ಬಲೆ, ತಲೆಬುರುಡೆ. ಅಶುಭವನ್ನು ದುಡ್ಡು ಕೊಟ್ಟು ತಂದು ಬಾಗಿಲಿಗೆ ತೂಗುಹಾಕುವ ಈ ಪದ್ಧತಿ ನನಗೆ ಇಂದಿಗೂ ಅರ್ಥವಾಗಿಲ್ಲ. ಆ ಹೆಂಗಸು ಎಡಪಕ್ಕದ ಮನೆಯ ಅಸ್ಥಿಪಂಜರದ ಪಕ್ಕೆಲುಬಿನೊಳಗೆ ಕೈ ತೂರಿಸಿ ಬೆಲ್ ಒತ್ತಿದರು. ಮಾತಾಡಿದರು. ನಾನು ಒಳಗೆ ಓಡಿ ಕಾಫಿಗೆ ಹಾಲಿಟ್ಟೆ. ಬಂದು ನೋಡಿದರೆ ಅವರು ನಮ್ಮ ಗೇಟಿನ ಹತ್ತಿರ ನಿಂತು, ಬಾಗಿಲ ತೋರಣ ನೋಡಿ, ಹಣತೆ ನೋಡಿ, ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಬಲಪಕ್ಕದ ಮನೆಗೆ ಹೋಗಿಬಿಟ್ಟರು.

ಓದುಗರೇ, ಬೇರೆ ಯಾರು ಬಿಟ್ಟು ಹೋಗಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ. ಇಡೀ ರಸ್ತೆಯಲ್ಲಿ ಅವರಿಗೆ ಬೀಳಬಹುದಾದ ಅತ್ಯಂತ ಗಟ್ಟಿ ಓಟು ನನ್ನದು. ಬಲಪಕ್ಕದ ಮನೆಯವನು ಊಟದ ಹೊತ್ತಿನಲ್ಲಿ ಫೋನು ನೋಡುವುದಿರಲಿ, ಊಟವನ್ನೇ ಕಾರಿನಲ್ಲಿ ಮಾಡುತ್ತಾನೆ. ಅವನ ಬಾಗಿಲು ತಟ್ಟಿ ನನ್ನ ಬಾಗಿಲು ಬಿಟ್ಟರಲ್ಲ! ಸಿಟ್ಟು ಬಂತು. ಹಬ್ಬದ ಪಂಚೆಯಲ್ಲಿದ್ದೆ, ಮೇಲೆ ಒಂದು ಜಾಕೆಟ್ ಏರಿಸಿಕೊಂಡು, ಸಿಕ್ಕಿದ ಚಪ್ಪಲಿ ಮೆಟ್ಟಿ ರಸ್ತೆಗಿಳಿದೆ. ಮೂಲೆಯ ಮನೆಯ ಹತ್ತಿರ ಅವರನ್ನು ಹಿಡಿದೆ. ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಹಾ, ವೇಷ ಬಹಳ ಚೆನ್ನಾಗಿದೆ, ಲವ್!" ಎಂದರು.

ಇಲ್ಲಿನ ಅಜ್ಜಿಯರು ಯಾರನ್ನು ಬೇಕಾದರೂ ಲವ್ ಎನ್ನುತ್ತಾರೆ. ನನ್ನಂಥವನಿಗೆ ಅದನ್ನು ಕೇಳಿದಾಗಲೆಲ್ಲ ಹೆಂಡತಿ ಎಲ್ಲಿದ್ದಾಳೆ ಎಂದು ನೋಡುವ ಹಾಗಾಗುತ್ತದೆ. ಇದು ವೇಷವಲ್ಲ, ಹಬ್ಬದ ಬಟ್ಟೆ ಎಂದೆ. ಉಸಿರು ಸುಧಾರಿಸಿಕೊಂಡು ಕೇಳಿಯೇಬಿಟ್ಟೆ: "ನೀವು ಎಲ್ಲರ ಓಟು ಕೇಳಿದ್ರಿ. ನನ್ನ ಓಟು ಯಾಕೆ ಕೇಳ್ಲಿಲ್ಲ?"

ಅವರ ಮುಖ ಕೆಂಪಾಯಿತು. "ಅಯ್ಯೋ, ಇಲ್ಲ ಲವ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಬಾಗಿಲ ಹತ್ರ ಅಷ್ಟು ಚೆಂದದ ಚಿತ್ರ ಬಿಡ್ಸಿದ್ರಲ್ಲ. ಬೆಲ್ ಒತ್ತಬೇಕು ಅಂದ್ರೆ ಅದನ್ನ ತುಳೀಬೇಕಿತ್ತು. ಹೂವಿನ ಮೇಲೆ ಕಾಲಿಡೋಕೆ ನನಗೆ ಮನಸ್ಸು ಬರ್ಲಿಲ್ಲ" ಎಂದರು.

ನಿಜವೋ, ಆ ಕ್ಷಣಕ್ಕೆ ಹೊಳೆದ ಸಭ್ಯ ಸುಳ್ಳೋ? ಇಂದಿಗೂ ನನಗೆ ಗೊತ್ತಿಲ್ಲ. ನಮ್ಮ ಹಾಗೆಯೇ ಈ ಜನಕ್ಕೂ ಎದುರಿಗಿರುವವರ ಮನಸ್ಸು ನೋಯಿಸುವ ಮಾತು ಬಾಯಿಗೆ ಬರುವುದಿಲ್ಲ. ಅವರ ಹೆಸರು ಬ್ರೀಡಾ. ಎಲ್ಲರೂ ಬ್ರೀಡಾ ಅಂತಾರೆ, ನೀವೂ ಅನ್ನಿ ಎಂದರು. ನನ್ನ ತಾಯಿಯ ವಯಸ್ಸಿನವರನ್ನು ಬರಿಯ ಹೆಸರು ಹಿಡಿದು ಕರೆಯುವುದೆಂದರೆ ನಾಲಗೆ ಬಿದ್ದುಹೋಗುತ್ತದೆ. ಬ್ರೀಡಾ ಆಂಟಿ ಎಂದೆ. ಅವರು ಜೋರಾಗಿ ನಕ್ಕು, ನನ್ನ ಜೊತೆ ಮನೆಗೆ ಬಂದರು. ಪೋರ್ಚಿನಲ್ಲಿ ಗೋಡೆ ಹಿಡಿದು, ನೋಯುವ ಮಂಡಿಯನ್ನು ಕಷ್ಟಪಟ್ಟು ಎತ್ತಿ, ಶೈಲಾ ಆ ದಿನ ಹೊಸದಾಗಿ ಹಾಕಿದ್ದ ಕಮಲದ ಒಂದು ಎಸಳಿಗೂ ತಾಗದ ಹಾಗೆ ದಾಟಿದರು. ಬಾಗಿಲಲ್ಲಿ ನಿಂತಿದ್ದ ಶೈಲಾ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಆಗಲೇ ಮತದಾನ ಮುಗಿದಿತ್ತು.

ಅಡುಗೆಮನೆಯ ಮೇಜಿನಲ್ಲಿ ಕೂತು ನಾವಿಬ್ಬರೂ ಕೆಟ್ಟುಹೋದ ಕಾಲವನ್ನು ಮನಸಾರೆ ಬೈದೆವು. ಅವರು ಚಿಕ್ಕವರಿದ್ದಾಗ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡದಿದ್ದರೆ ತಟ್ಟೆಯೇ ಬರುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲಿ ಸ್ನಾನ ಮಾಡದಿದ್ದರೆ ತಿಂಡಿಯೇ ಇರುತ್ತಿರಲಿಲ್ಲ ಎಂದೆ. ಅವರ ಮೊಮ್ಮಕ್ಕಳು ಚರ್ಚಿಗೆ ಬರುವುದಿಲ್ಲ, ನನ್ನ ಮಗಳು ಪೂಜೆಗೆ ಕರೆದರೆ ತಲೆನೋವು ಎನ್ನುತ್ತಾಳೆ. ಟೈ ಸಾಹೇಬರ ವಿಷಯ ನಾವು ಎತ್ತಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಸಿಂಚನಾ ಆಮೇಲೆ ಹೇಳಿದಳು, "ಅಪ್ಪಾ, ಅವ್ರು ನಮ್ಮ ತುಮಕೂರಜ್ಜಿ ಥರಾನೇ." ಕನ್ನಡದಲ್ಲಿ ಹೇಳಿದಳು. ನನಗೆ ಖುಷಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ನಿಲ್ಲಿಸಿಬಿಡುತ್ತಾಳೆ.

ಮತದಾನಕ್ಕೆ ಎರಡು ದಿನವಿರುವಾಗ ಟೈ ಸಾಹೇಬರು ಟಿವಿಯಲ್ಲಿ ಮತ್ತೆ ಬಂದರು. ಈ ಸಲ ಹೊರಗಿನಿಂದ ಬಂದವರು ಸ್ವಲ್ಪ ಹೆಚ್ಚೇ ಆಗಿದ್ದಾರೆ ಎನ್ನುವ ಅರ್ಥದ ಮಾತನ್ನು ಬಹಳ ನಯವಾಗಿ ಆಡಿದರು. ಎಷ್ಟು ನಯವೆಂದರೆ, ಅಭ್ಯಾಸಬಲದಿಂದ ನಾನು ಅರ್ಧ ತಲೆದೂಗಿ, ಅಲ್ಲಿಗೇ ನಿಲ್ಲಿಸಬೇಕಾಯಿತು. ಸಿಂಚನಾ ಈ ಸಲ ತಾನೇ ಎದ್ದು ಟಿವಿಯ ಸದ್ದು ಕಡಿಮೆ ಮಾಡಿದಳು. ಅದು ಇನ್ನೂ ಕಷ್ಟವಾಯಿತು.

ಹತ್ತಿರದ ಪ್ರೈಮರಿ ಶಾಲೆಯಲ್ಲಿ ಮತಗಟ್ಟೆ. ಮಕ್ಕಳು ಬಿಡಿಸಿದ ದೆವ್ವದ ಚಿತ್ರಗಳ ಕೆಳಗೆ, ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದು ನಿಂತೆ. ಇಲ್ಲಿನ ಓಟಿನ ಕ್ರಮವೇ ಬೇರೆ. ಒಬ್ಬರನ್ನು ಆರಿಸಿ ಮನೆಗೆ ಹೋಗುವ ಹಾಗಿಲ್ಲ ಎಂದು ನಾನು ತಿಳಿದಿದ್ದೆ, ಹೋಗಬಹುದಂತೆ. ಆದರೆ ಇಷ್ಟದ ಪ್ರಕಾರ ಒಂದು, ಎರಡು, ಮೂರು ಎಂದು ನಂಬರು ಹಾಕುತ್ತಾ ಹೋಗಬಹುದು. ಒಂದನೆಯವರು ಸೋತು ಹೊರಬಿದ್ದರೆ ನಮ್ಮ ಓಟು ಎರಡನೆಯವರಿಗೆ ನಡೆದುಕೊಂಡು ಹೋಗುತ್ತದೆ. ಯಾರಿಗೂ ಇಲ್ಲ ಎನ್ನಲಾರದ ಜನ ಮಾತ್ರ ಕಂಡುಹಿಡಿಯಬಲ್ಲ ವ್ಯವಸ್ಥೆ ಇದು. ನಾನು ಚಕ್ಕುಲಿ ಕೊಟ್ಟವರಿಗೆಲ್ಲ ಒಂದೊಂದು ನಂಬರು ಸಿಗುತ್ತಿತ್ತು. ಆದರೆ ಒಂದು ಎನ್ನುವ ಅಂಕಿ ಒಬ್ಬರಿಗೇ. ಟೈ ಸಾಹೇಬರ ಫೋಟೋ ನೋಡಿದೆ. ಇವನು ನಾನು ಇಲ್ಲದಿದ್ದ ಊರನ್ನು ಬಯಸುವವನು ಎಂದು ಬುದ್ಧಿ ಹೇಳಿತು. ನನ್ನನ್ನು ಬೇಡವೆನ್ನುವವನಿಗೆ ನನ್ನ ಮೊದಲ ಓಟು ಕೊಟ್ಟರೆ ಮಗಳ ಮುಖ ಹೇಗೆ ನೋಡಲಿ? ಪೆನ್ಸಿಲ್ ಸ್ಕಾರ್ಫ್ ಮೇಡಂ ಕಡೆ ಹೋಯಿತು, ಮತ್ತೆ ಬಂತು. ಆಗ ಕಣ್ಣಿಗೆ ಬಂದದ್ದು ಗೋಡೆ ಹಿಡಿದು ಮಂಡಿ ಎತ್ತಿದ ಬ್ರೀಡಾ ಆಂಟಿ. ಟೈ ಸಾಹೇಬರಿಗಲ್ಲ, ಇದು ಆಂಟಿಗೆ ಎಂದುಕೊಂಡು ಸಾಹೇಬರ ಫೋಟೋದ ಮುಂದೆ ಒಂದು ಎಂದು ಬರೆದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಟೈ ಸಾಹೇಬರು ಸೋತರು. ಸೋತರು ಎನ್ನುವುದು ಸಣ್ಣ ಮಾತು, ಎಲ್ಲರಿಗಿಂತ ಮೊದಲು ಹೊರಬಿದ್ದರು. ಮರುದಿನ ಬ್ರೀಡಾ ಆಂಟಿ ಒಂದು ಆ್ಯಪಲ್ ಟಾರ್ಟ್ ಹಿಡಿದು ಬಂದರು, ಹೇಳದೆಯೇ ಶೂ ಬಿಚ್ಚಿದರು. ನಾನು ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡು ಕಾಫಿ ಕೊಟ್ಟೆ. "ಬೇಜಾರು ಮಾಡ್ಕೋಬೇಡಿ ಆಂಟಿ, ಏಳು ವರ್ಷಕ್ಕೆ ಮತ್ತೆ ಬರುತ್ತಲ್ಲ" ಎಂದೆ.

ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ಬಾಗಿದರು. "ನಿಮ್ಮ ಹತ್ರ ಮಾತ್ರ ಹೇಳ್ತೀನಿ, ಲವ್. ಆ ಟಿವಿ ಮಾತು ಕೇಳಿದ ಮೇಲೆ ನಾನೇ ಅವನಿಗೆ ಎರಡನೇ ನಂಬರು ಹಾಕಿದೆ. ಪೆನ್ಸಿಲ್ ಹಿಡಿದಾಗ ನಿಮ್ಮ ಮನೆ ಮುಂದಿನ ಹೂವು ನೆನಪಾಯ್ತು. ಅವನಿಗೆ ಒಂದು ಅಂತ ಹಾಕಿದ್ರೆ ಅದನ್ನ ತುಳಿದ ಹಾಗಾಗುತ್ತೆ ಅನ್ನಿಸ್ತು."

ಮೆಟ್ಟಿಲ ಮೇಲೆ ಸಿಂಚನಾ ಬಂದು ಕೂತ ಸದ್ದು ಕೇಳಿಸಿತು. ಆಂಟಿ ಕಾಫಿ ಕುಡಿದು, ಕಣ್ಣು ಒರೆಸಿಕೊಂಡು, "ನೀವು ಯಾರಿಗೆ ಹಾಕಿದ್ರಿ?" ಎಂದರು.

"ಮತದಾನ ಗುಪ್ತವಾಗಿರ್ಬೇಕು ಆಂಟಿ, ಹಳೇ ಪದ್ಧತಿ ಬಿಡಬಾರ್ದು" ಎಂದು ಹೇಳಿ ನಾನು ಟಾರ್ಟ್ ಕತ್ತರಿಸಲು ಎದ್ದೆ. ಐರ್ಲೆಂಡ್ ಮೊದಲು ಹೇಗಿತ್ತೋ ಹಾಗೇ ಇರಲಿ ಎನ್ನುವವರಿಗೆ ಒಂದನೇ ನಂಬರು ಹಾಕಿದವನು ನಮ್ಮ ರಸ್ತೆಯಲ್ಲಿ ತುಮಕೂರಿನವನೊಬ್ಬನೇ ಇರಬೇಕು.