ಸೀನಿದವರು ಜಗಲಿಗೆ

ನಮ್ಮಕ್ಕನ ಕಿವಿ ಎಂಥದ್ದು ಗೊತ್ತೆ? ಪಕ್ಕದಲ್ಲೇ ನಿಂತು ತಮ್ಮನಾದ ನಾನು ಹತ್ತು ಸಲ ಕೂಗಿದರೂ ಕೇಳಿಸದು. ಅದೇ ಕೆರೆ ಏರಿಯ ಮೇಲೆ ಯಾರಾದರೂ ಒಂದು ಸೀನು ಸೀನಲಿ, ತೊಳಸುತ್ತಿರುವ ಮುದ್ದೆಯನ್ನು ಅಲ್ಲೇ ಬಿಟ್ಟು ಎದ್ದು ಬರುತ್ತಾಳೆ!

ಮದಲೂರು ಕಡೆಯ ನಮ್ಮೂರಿನಲ್ಲಿ ಅವಳು ಅಂಗನವಾಡಿ ಟೀಚರ್. ಇಪ್ಪತ್ತು ವರ್ಷ ಊರ ಮಕ್ಕಳ ಮೂಗು ಒರೆಸಿ ಒರೆಸಿ ಅವಳಿಗೊಂದು ಶಾಸ್ತ್ರವೇ ಸಿದ್ಧಿಸಿದೆ. ನಾವೆಲ್ಲ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆ ನೋಡಿದರೆ ಅವಳು ನೆಗಡಿ ನೋಡುತ್ತಾಳೆ. ಯಾವ ದಿನ ಯಾವ ಮಗುವಿನ ಮೂಗು ಸೋರಿತೋ ಆ ದಿನಕ್ಕೊಂದು ಕೆಂಪು ಚುಕ್ಕೆ. ಸ್ಕೂಲು ಶುರುವಾಗಿ ಮಳೆ ಹಿಡಿದಾಗ ಒಂದು ಸುತ್ತು ಚುಕ್ಕೆ. ದೀಪಾವಳಿ ಕಳೆದ ಮೇಲೆ ಇನ್ನೊಂದು ಸುತ್ತು. ಆಗಂತೂ ಪುಟಕ್ಕೇ ಅಮ್ಮ ಎದ್ದ ಹಾಗಿರುತ್ತದೆ.

“ವೈರಸ್ಸಿಗೂ ಸೀಸನ್ ಐತೆ ಕಣ್ಲಾ, ಅವರೆಕಾಯಿಗೆ ಇದ್ದಂಗೆ. ಚಳಿ ಅಂತ ಎಲ್ರೂ ಬಾಗ್ಲು ಹಾಕ್ಕಂಡು ಒಂದೇ ರೂಮಲ್ಲಿ ಕೂತ್ರೆ ಅದುಕ್ಕೆ ಹಬ್ಬ” ಅನ್ನುತ್ತಾಳೆ.

ಊರವರು ನಗುತ್ತಿದ್ದರು. ಆದರೆ ಎಳೆಮಗುವನ್ನು ಮನೆಗೆ ಕರೆತರಲು ಜೋಯಿಸರ ಹತ್ತಿರ ದಿನ ಕೇಳಿ ಬಂದವರೇ, ಹಿತ್ತಲ ಬಾಗಿಲಿನಿಂದ ಅಕ್ಕನ ಹತ್ತಿರವೂ ಕೇಳಿಕೊಂಡು ಹೋಗುತ್ತಿದ್ದರು!

ಮದುವೆಯಾದ ಒಂಬತ್ತು ವರ್ಷಕ್ಕೆ ನಮಗೆ ಮಗಳು ಹುಟ್ಟಿದಳು. ಅದೂ ಎಂಟನೇ ತಿಂಗಳಿಗೇ, ಅದೂ ದೀಪಾವಳಿ ಕಳೆದ ವಾರಕ್ಕೇ. ಡಾಕ್ಟರು, “ದೊಡ್ಡವರಿಗೆ ಬರೀ ನೆಗಡಿ ಅನಿಸೋದು ಈ ಮಗುವಿನ ಉಸಿರಿಗೇ ತೊಂದರೆ ಆಗಬಹುದು. ಈ ಚಳಿಗಾಲ ಹುಷಾರಾಗಿ ದಾಟಿಸಿ” ಎಂದರು. ಹೇಳಿದ್ದು ನಮಗೆ. ಆದರೆ ಅಕ್ಕ ಅದನ್ನು ತನಗೇ ಬಂದ ಆರ್ಡರ್ ಅಂದುಕೊಂಡಳು.

ಆಸ್ಪತ್ರೆ ಹತ್ತಿರವೆಂದು ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಎರಡು ಮನೆ ಆಚೆ ಇರುವ ಅಕ್ಕ, ಅಂಗನವಾಡಿ ಮುಗಿಸಿ ಸ್ನಾನ ಮಾಡಿ ಬಂದು ನಮ್ಮ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದಳು. ಒಳಗೆ ಬರುವವರು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಸೀನಿದವರು ಜಗಲಿಗೆ. ಅಪೀಲಿಲ್ಲ!

“ನನ್ ಮಗೀನ ನಾನು ಎತ್ಕಳಾಕೂ ಇವರ ಪರ್ಮಿಷನ್ ಬೇಕಾ?” ಎಂದು ನನ್ನ ಹೆಂಡತಿ ಗೊಣಗುವಳು. ನಾನು ಯಾರ ಪರ ವಹಿಸಲಿ? ಸುಮ್ಮನೆ ಹೋಗಿ ಇನ್ನೊಮ್ಮೆ ಕೈ ತೊಳೆದುಕೊಳ್ಳುತ್ತಿದ್ದೆ.

ಮೊಮ್ಮಗಳನ್ನು ನೋಡಲು ತೆಲುಗು ಗಡಿಯ ಬಲಸಮುದ್ರದಿಂದ ನಮ್ಮ ಮಾವ ಬಂದರು. ಬಸ್ಸಿಳಿದು ಬಾಗಿಲಿಗೆ ಬರುತ್ತಲೇ ಒಂದು ಸೀನು.

“ಏಮೀ ಲೇದಮ್ಮಾ, ಏನಿಲ್ಲ, ಕಡ್ಲೆಕಾಯಿ ಕಿತ್ತ ಧೂಳು” ಎಂದರು.

“ನಿಮ್ಮ ಹೊಲ್ದಾಗೆ ಈಗ ಸೋಲಾರ್ ಪ್ಲೇಟು ತಾನೆ ಮಾವ ಇರೋದು? ಕಡ್ಲೆಕಾಯಿ ಎಲ್ಲಿಂದ ಬಂತು?” ಎಂದಳು ಅಕ್ಕ.

ಮಾವ ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಕಿಟಕಿಯಲ್ಲಿ ಮೊಮ್ಮಗಳನ್ನು ನೋಡಿ, ಬಲಸಮುದ್ರಕ್ಕೆ ವಾಪಸಾದರು.

ಮೂರನೇ ತಿಂಗಳಿಗೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಮ್ಮಕ್ಕ. ಒಂಬತ್ತು ವರ್ಷದಿಂದ ಅವಳು ಹೆಸರೊಂದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಏನು ಮಾಡಿದರೂ ಬಾಯಿ ಬಿಡಲಿಲ್ಲ. “ಮೊದಲು ಮಗೀಗೆ, ಆಮೇಲೆ ನಿಮಗೆ” ಅನ್ನುತ್ತಿದ್ದಳು.

ಆ ಬೆಳಗ್ಗೆ ರೇಷ್ಮೆ ಸೀರೆಯುಟ್ಟು, ಬೆಳ್ಳಿ ಬಳೆಗಳನ್ನು ಹಿಡಿದು ಬಂದವಳು ಹೊಸ್ತಿಲ ಮುಂದೆ ನಿಂತಳು. ಮುಖ ತಿರುಗಿಸಿ ಸೀನಿದಳು. ಒಂದೇ ಒಂದು.

ಹತ್ತಿರವಿದ್ದವರು ನಾನು ಮತ್ತು ಮಾವ ಮಾತ್ರ. ಮಾವ ಮೆಲ್ಲಗೆ, “ಧೂಳೇ ಇರ್ಬೇಕು ಲೇಮ್ಮಾ. ಲೋಪಲಿಕಿ ಪೋ, ಒಳಗೆ ಹೋಗಿ ಹೆಸರಿಡು” ಎಂದರು.

ಅಕ್ಕ ಒಂದು ಗಳಿಗೆ ತೊಟ್ಟಿಲ ಕಡೆ ನೋಡಿದಳು. “ಇಲ್ಲ ಮಾವ. ರಾತ್ರಿಯಿಂದ ಗಂಟಲು ಕೆರೀತಿತ್ತು. ಇದು ಧೂಳಲ್ಲ.” ಬಳೆಗಳನ್ನು ಜಗಲಿಯ ಮೇಲಿಟ್ಟು ಮನೆಗೆ ನಡೆದುಬಿಟ್ಟಳು.

ನಾನು ಒಳಗೆ ಹೋಗಿ ವಿಷಯ ಹೇಳಿದೆ. ಮುಹೂರ್ತ ಮೀರುತ್ತಿತ್ತು. ವರಸೆಯಲ್ಲಿ ಸೋದರತ್ತೆಯಾಗುವ ಬೇರೆ ಯಾರಾದರೂ ಹೇಳಬಹುದು ಎಂದರು ಪುರೋಹಿತರು. ನಮ್ಮ ಚಿಕ್ಕಪ್ಪನ ಮಗಳು ಮುಂದೆ ಬಂದಳು. ಆಗ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡವಳು ನನ್ನ ಹೆಂಡತಿ.

“ಬ್ಯಾಡಿ ಸ್ವಾಮಿ. ಹೆಸರು ಅವರತ್ರ ಐತೆ, ಅವರೇ ಹೇಳ್ಲಿ. ಅಲ್ಲಿಗಂಟ ನನ್ ಮಗಳಿಗೆ ಹೆಸರು ಬ್ಯಾಡ.”

ಬಂದವರೆಲ್ಲ ಹೆಸರಿಲ್ಲದ ಮಗುವಿನ ನಾಮಕರಣದ ಒಬ್ಬಟ್ಟು ತಿಂದು ಹೋದರು.

ಅಕ್ಕನಿಗೆ ಜ್ವರ ಬಂತು, ಕೆಮ್ಮು ಬಂತು. ದಿನಾ ಸಂಜೆ ಹೆಂಡತಿ ಮಗುವನ್ನು ಕಿಟಕಿಗೆ ತರುತ್ತಿದ್ದಳು. ಅಕ್ಕ ಬೀದಿಯ ಆಚೆ ಬದಿಯಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿರುತ್ತಿದ್ದಳು. ಕೆಮ್ಮು ಪೂರ್ತಿ ನಿಂತಿತು. “ಈಗ ಬರ್ರಕ್ಕ” ಎಂದು ಇವಳು ಕರೆದರೂ ಇನ್ನೂ ನಾಲ್ಕು ದಿನ ತಡೆದಳು. ಕೊನೆಗೆ ಒಂದು ಬುಧವಾರ, ಮುಹೂರ್ತವಿಲ್ಲ, ನೆಂಟರಿಲ್ಲ, ಮೊಣಕೈವರೆಗೆ ಕೈ ತೊಳೆದು ಒಳಗೆ ಬಂದಳು. ಹೆಂಡತಿ ಮಗುವನ್ನು ಅವಳ ಮಡಿಲಿಗೆ ಹಾಕಿ, ಮಾಸ್ಕನ್ನು ತಾನೇ ಬಿಚ್ಚಿದಳು.

ಅಕ್ಕ ಬಗ್ಗಿ ಆ ಪುಟ್ಟ ಕಿವಿಗೆ ಮೂರು ಸಲ ಹೆಸರು ಹೇಳಿದಳು. ಮೂರನೆಯ ಸಲ ಅವಳ ದನಿ ಒಡೆಯಿತು. ಅಕ್ಕನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ. ಕಣ್ಣು ತುಂಬಿ, ಮೂಗೂ ಸೊರ್ ಎಂದಿತು.

ಅವಳು ತಲೆ ಎತ್ತಲಿಲ್ಲ. “ಲೇ, ಆಚೆಗೆ ಹೋಗು” ಎಂದಳು.

ನಾನು ಜಗಲಿಯ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತೆ.