ಎರಡು ದನಿಯ ಆಂಪ್ಲಿಫೈಯರ್

ಹಳೇ ಸದ್ದಿನ ಹುಚ್ಚು ಹಿಡಿದವರಿಗೆ ನಗೆಪಾಟಲು ತಪ್ಪಿದ್ದಲ್ಲ. ಈ ವರ್ಷ ನನಗೆ ಮನೆ, ಬಸ್ಸು, ಅಂಗಡಿ ಎಲ್ಲ ಕಡೆಯೂ ಆಯಿತು.

ಒಂದು ಕಾಲಕ್ಕೆ ಶಿಕಾರಿಪುರ, ಸೊರಬದ ಮದುವೆಗಳಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ನಾನು ಗಿಟಾರು. ಹಾಡುತ್ತಿದ್ದವರು ಸೊರಬದ ಶಾಲೆಯ ಟೀಚರು, ನಮಗೆಲ್ಲ ಅಕ್ಕ. ಈ ವರ್ಷ ಅವರಿಗೆ ನಿವೃತ್ತಿ. ಬೀಳ್ಕೊಡುಗೆಯ ದಿನ ಒಂದು ಹಾಡು ಹಾಡುತ್ತೇನೆ, ಆದರೆ ಗಿಟಾರು ಆಗಿನ ಹಾಗೇ ಕೇಳಬೇಕು ಅಂದರು. ಆಗಿನ ಆಂಪ್ಲಿಫೈಯರ್ ಗುಜರಿ ಸೇರಿ ಎಷ್ಟೋ ಕಾಲವಾಗಿತ್ತು. ನನ್ನ ಹತ್ತಿರ ಇರುವುದು ಈಗಿನದು. ಅದರಲ್ಲಿ ಒಂದೊಂದು ದನಿಗೆ ಒಂದೊಂದು ಡಬ್ಬಿ, ಮೇಜಿನ ಖಾನೆಯಂತೆ ಎಳೆದು ಬದಲಾಯಿಸಬಹುದು. ಒಂದು ಮೆದು ದನಿಯದು, ಇನ್ನೊಂದು ಒರಟು. ಒಮ್ಮೆಗೆ ಒಂದೇ ನುಡಿಯುತ್ತದೆ. ಅಕ್ಕನಿಗೆ ಬೇಕಾದದ್ದು ಎರಡರ ನಡುವಿನದು.

ಮನೆಯಲ್ಲಿ

ಎರಡನ್ನೂ ನುಡಿಸಿ, ಹೇಗಿದೆ ಅಂತ ಹೆಂಡತಿಯನ್ನು ಕೇಳಿದೆ. ಮೊದಲನೆಯದು ನೀವು ಮದುವೆಗೆ ಮುಂಚೆ ಮಾತಾಡುತ್ತಿದ್ದ ಹಾಗಿದೆ, ಎರಡನೆಯದು ಆಮೇಲಿನದು ಅಂದಳು. ನನಗೆ ನಡುವಿನದು ಬೇಕು ಅಂದೆ.

“ಅದೂ ಗೊತ್ತು ಬಿಡಿ. ನೆಂಟರು ಬಂದಾಗ ತೆಗೀತೀರಲ್ಲ, ಅದು.”

ಬಸ್ಸಿನಲ್ಲಿ

ನಮ್ಮ ಆರ್ಕೆಸ್ಟ್ರಾದ ಮೈಕು ನೋಡಿಕೊಳ್ಳುತ್ತಿದ್ದ ಗೆಳೆಯನಿಗೆ ಈಗ ಸೊರಬದಲ್ಲಿ ಟೀವಿ ರಿಪೇರಿ ಅಂಗಡಿ. ಅವನ ಹತ್ತಿರ ಹೊರಟೆ. ಪಕ್ಕದಲ್ಲಿ ಕೂತಿದ್ದ ಬಳ್ಳಿಗಾವಿಯ ಯಜಮಾನರು ತೊಡೆ ಮೇಲಿನ ಪೆಟ್ಟಿಗೆ ನೋಡಿ, ಏನು ಕೆಟ್ಟಿದೆ ಅಂತ ವಿಚಾರಿಸಿದರು. ಕೆಟ್ಟಿಲ್ಲ, ಒಂದಕ್ಕೊಂದು ಸೇರದ ಎರಡನ್ನು ಸೇರಿಸಬೇಕು, ಸೊರಬದಲ್ಲಿ ಒಬ್ಬರು ಮಾಡಿಕೊಡುತ್ತಾರೆ ಅಂದೆ. ಯಜಮಾನರು ಇನ್ನಷ್ಟು ಹತ್ತಿರ ಸರಿದು ಕೂತರು.

“ನಾನೂ ನನ್ನ ತಮ್ಮನೂ ಮಾತು ಬಿಟ್ಟು ಬಹಳ ವರ್ಷ ಆತು. ಅವರ ಅಂಗಡಿ ಎಲ್ಲಿ ಬರ್ತದ್ರೀ?”

ಅಂಗಡಿಯಲ್ಲಿ

ಗೆಳೆಯ ಎರಡು ಡಬ್ಬಿಯಿಂದಲೂ ತಂತಿ ಎಳೆದು, ನಡುವೆ ಒಂದು ನಾಬ್ ಕೂರಿಸಿದ. ತಿರುಗಿಸಿದಂತೆ ಎರಡೂ ಬೆರೆಯಬೇಕು. ಆದರೆ ನಾಬ್ ನಡುವಿಗೆ ಬಂದದ್ದೇ ಸದ್ದು ಅಡಗಿತು. ಒಂದು ಏರುವಾಗ ಇನ್ನೊಂದು ಇಳಿದು ಪರಸ್ಪರ ಹೊಡೆದುಹಾಕುತ್ತಿವೆ, ಒಂದರ ತಂತಿ ಅದಲುಬದಲು ಮಾಡಬೇಕು ಅಂದ. ಅಷ್ಟರಲ್ಲಿ, ಬೆಳಗಿನಿಂದ ನಮ್ಮ ಗದ್ದಲ ಕೇಳಿದ್ದ ಪಕ್ಕದಂಗಡಿಯ ಟೈಲರು ಬಾಗಿಲಲ್ಲಿ ಕಾಣಿಸಿಕೊಂಡರು.

“ಈಗ ಸರಿಯಾಯ್ತು ನೋಡಿ. ಇಷ್ಟಕ್ಕೇ ಬಿಟ್ಟುಬಿಡಿ.”

ಅಕ್ಕನ ಮುಂದೆ

ತಂತಿ ಬದಲಾದ ಮೇಲೆ ಹಳೇ ದನಿ ಬಂತು. ಜೊತೆಗೆ ಗುಂಯ್ ಎನ್ನುವ ಸದ್ದೂ ಬಂತು. ಗೆಳೆಯ ಪಟ್ಟುಹಿಡಿದು ಕೂತು ಅದನ್ನು ಪೂರ್ತಿ ಅಡಗಿಸಿದ. ಅಕ್ಕನ ಮನೆಗೆ ಒಯ್ದು ನುಡಿಸಿದೆವು. ಅವರ ಕಣ್ಣು ತುಂಬಿತು. ಆದರೆ ಹಾಡಲು ಹೋದರೆ ಸ್ವರ ನಿಲ್ಲುತ್ತಿಲ್ಲ, ಎತ್ತಿದಾಗಲೆಲ್ಲ ಜಾರುತ್ತದೆ. ವಯಸ್ಸು ಅಂದುಕೊಂಡು ನಾವಿಬ್ಬರೂ ತಲೆ ತಗ್ಗಿಸಿದೆವು. ಕೊನೆಗೆ ಅಕ್ಕನೇ ಸಂಕೋಚದಿಂದ ಬಾಯಿಬಿಟ್ಟರು.

“ಆಗ ನಿಮ್ಮ ಪೆಟ್ಟಿಗೆ ಗುಂಯ್ ಅಂತಿತ್ತಲ್ಲ, ನಾನು ಅದನ್ನೇ ಶ್ರುತಿ ಮಾಡಿಕೊಂಡು ಹಾಡ್ತಿದ್ದೆ ಕಣೋ. ಅದೆಲ್ಲಿ ಹೋಯ್ತು?”

ಗೆಳೆಯ ಮುಚ್ಚಳ ಬಿಚ್ಚಿದ. ಕಷ್ಟಪಟ್ಟು ಓಡಿಸಿದ್ದನ್ನು ವಾಪಸು ಕರೆತಂದು, ಅದಕ್ಕೂ ಒಂದು ನಾಬ್ ಇಟ್ಟ.

ಬೀಳ್ಕೊಡುಗೆಯ ದಿನ ಅಕ್ಕ ಆಗಿನ ಹಾಗೇ ಹಾಡಿದರು. ನನಗೆ ಮೀಟುವ ತಂತಿಯೇ ಮಂಜಾಯಿತು. ಹಾಡು ಮುಗಿದಾಗ ಹೆಡ್‌ಮಾಸ್ಟರು ಹಾರ ಹಿಡಿದು ವೇದಿಕೆಗೆ ಬಂದು, ತಂಬೂರಿ ನುಡಿಸಿದವರು ಎಲ್ಲೂ ಕಾಣಲಿಲ್ಲ, ದಯವಿಟ್ಟು ಮುಂದೆ ಬರಬೇಕು ಅಂದರು.

ಗೆಳೆಯ ಮುಂದೆ ಬಂದು ಹಾರಕ್ಕೆ ಕತ್ತು ಬಗ್ಗಿಸಿದ.