ನಲವತ್ತು ಮನೆ, ಒಂದೇ ಉತ್ತರ

"ಮರದ ಕೆಳಗೆ ಕೂತು ನಲವತ್ತು ಫಾರಂನೂ ನೀನೇ ಗೀಚಿದೀಯ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನಿಂದ ಇನ್ನೇನು ಬರುತ್ತೆ?"

ಸಂಶೋಧಕರು ಇದನ್ನು ಕೋಣೆಯೊಳಗೆ ಕರೆದು ಅಂದಿದ್ದರೆ ನುಂಗಿಕೊಳ್ಳಬಹುದಿತ್ತು. ಅಂದದ್ದು ಕಚೇರಿಯ ಅಂಗಳದಲ್ಲಿ, ಡ್ರೈವರ್, ಟೈಪಿಸ್ಟ್, ಕಸ ಗುಡಿಸುವಾಕೆಯ ಎದುರಿಗೆ. ಫಾರಂನವನ ಮುಖ ಸುಟ್ಟ ಬದನೆಕಾಯಿಯಾಯಿತು.

ಬುಡಕಟ್ಟು ಜನರ ಸಂಸ್ಕೃತಿಗೆ ಒಪ್ಪುವ ಅಭಿವೃದ್ಧಿ ಯಾವುದೆಂದು ಅಧ್ಯಯನ ನಡೆದಿತ್ತು. ತನ್ನ ಕೇರಿಯಲ್ಲೇ ಮನೆ ಮನೆ ಸುತ್ತಿ ಫಾರಂ ತುಂಬುವುದು ಅವನ ಕೆಲಸ. ಇವತ್ತು ಸಂಶೋಧಕರು ಮೆಚ್ಚಿದರೆ ಇನ್ನೆರಡು ವರ್ಷ ಕೆಲಸ. ಇಲ್ಲವಾದರೆ ಮತ್ತೆ ಕಲ್ಲು ಒಡೆಯಬೇಕು. ಆದರೆ ನಲವತ್ತು ಫಾರಂನಲ್ಲೂ 'ಮೊದಲು ಸೇತುವೆ ಬೇಕು' ಎಂದೇ ಇತ್ತು.

"ನಮ್ಮಲ್ಲಿ ಯಾರೂ ಒಬ್ಬೊಬ್ಬರೇ ಉತ್ತರ ಕೊಡಲ್ಲ ಸಾರ್. ನೀವೇ ಬಂದು ಕೇಳಿ."

ಜೀಪು ಕೇರಿಗೆ ಬಂತು. ಮೊದಲನೆಯದು ಅವನ ಸೋದರತ್ತೆಯ ಮನೆ.

"ಸೇತುವೆ ಆದ್ಮೇಲೆ ಏನು ಬೇಕಮ್ಮಾ?" ಎಂದರು ಸಂಶೋಧಕರು.

"ಕೇಳಿ ಹೇಳ್ತೀನಿ ಸ್ವಾಮಿ."

"ಯಾರನ್ನ?"

"ಎಲ್ಲಾರನ್ನೂ."

ಪಕ್ಕದ ಮನೆಯ ಮುದುಕ ಕತ್ತಿ ಮಸೆಯುತ್ತಿದ್ದ. "ಅವಳೇನಂದ್ಲು?"

"ಕೇಳಿ ಹೇಳ್ತಾರಂತೆ."

"ಹಂಗಾದ್ರೆ ನಾನೂ ಕೇಳೇ ಹೇಳೋದು."

ಮೂರನೇ ಮನೆಯಲ್ಲಿ ಸ್ವಂತ ಅಭಿಪ್ರಾಯ ಕೊಟ್ಟದ್ದು ನಾಯಿ ಮಾತ್ರ; ಅದನ್ನೂ ಸಂಶೋಧಕರ ಪ್ಯಾಂಟಿನ ಮೇಲೆ ಕೊಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಇಡೀ ಕೇರಿ ಒಂದೆಡೆ ಸೇರಿತು. ಜೇನುಗೂಡಿಗೆ ಕಲ್ಲು ಬಿದ್ದಂತೆ ಒಂದು ಗಂಟೆ ವಾದ. ಕೊನೆಗೆ ಅತ್ತೆ ಎದ್ದು ನಿಂತಳು. "ಹೆರಿಗೆಗೆ ಒಂದು ಕೋಣೆ." ಎಲ್ಲ ತಲೆಗಳೂ ಒಟ್ಟಿಗೆ ಆಡಿದವು.

ಸಂಶೋಧಕರ ಕಣ್ಣು ಅರಳಿತು. "ಇದೇ ಕಣಯ್ಯಾ ಸಂಸ್ಕೃತಿ ಅಂದ್ರೆ. ತಪ್ಪು ನಂದು" ಎಂದು ಬೆನ್ನು ತಟ್ಟಿದರು. ಫಾರಂನವನ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು.

"ಎಲ್ಲರದ್ದೂ ಒಂದೇ ಉತ್ತರ ಅಂದ್ಮೇಲೆ ಒಂದೇ ಫಾರಂ ಸಾಕಲ್ವಾ?" ಸಂಶೋಧಕರು ಮುಂದುವರಿಸಿದರು. "ಅದನ್ನ ನಾನೇ ತುಂಬ್ತೀನಿ. ಮನೆ ಮನೆ ತಿರುಗೋಕೆ ಇನ್ನು ಆಳು ಬೇಡ."

ಆದರೂ ಜನರನ್ನು ಕೇಳದೆ ತೀರ್ಮಾನ ಮಾಡುವವರಲ್ಲ ಅವರು. ಅದನ್ನೂ ಸಭೆಯ ಮುಂದಿಟ್ಟರು. ಮತ್ತೆ ಗುಸುಗುಸು. ಮತ್ತೆ ಅತ್ತೆ ಎದ್ದಳು.

"ಆಗ್ಲಿ ಸ್ವಾಮಿ, ಬಿಡಿಸ್ಬಿಡಿ. ಬಿಸಿಲಲ್ಲಿ ಅಲೆದೂ ಅಲೆದೂ ಕಡ್ಡಿ ಆಗೋಗಿದಾನೆ, ಪಾಪ."

ತಲೆಗಳು ಆಡಿದವು.

ಸಂಶೋಧಕರು ಅವನತ್ತ ತಿರುಗಿದರು. "ನೀನೇನಂತೀಯಪ್ಪಾ?"

"ಅವನ್ದೇನು ಬೇರೆ?" ಎಂದಳು ಅತ್ತೆ. "ಎಲ್ಲಾರೂ ಹೇಳಿದ್ಮೇಲೆ ಅವನ್ದೂ ಬಂತು."

ಅವನು ಫಾರಂ ಕಟ್ಟನ್ನು ಅತ್ತೆಯ ಕೈಗಿಟ್ಟು ನಡೆದುಬಿಟ್ಟ.